ತಟ್ಟೆಯ ಅಂಚಿಗೆ ಹೋದ ಬೀನ್ಸ್: ಮನೆಯವರೆಲ್ಲ ಹಣ್ಣು, ತರಕಾರಿ ತಿನ್ನೋ ಹಾಗೆ ಮಾಡೋದು ಹೇಗೆ

ಮಗಳಿಗೆ ಆಗ ನಾಲ್ಕು ವರ್ಷ. ಬೀನ್ಸ್ ಕಣ್ಣಿಗೆ ಬೀಳದಿರಲಿ ಅಂತ ನಾನು ಆದಷ್ಟೂ ಸಣ್ಣಗೆ ಹೆಚ್ಚಿ ಅನ್ನಕ್ಕೆ ಕಲಸಿಟ್ಟಿದ್ದೆ. ಅವಳು ಒಂದು ಮಾತೂ ಆಡಲಿಲ್ಲ. ಅಕ್ಕಿ ಆರಿಸೋ ಅಜ್ಜಿಯ ಹಾಗೆ ತಲೆ ಬಗ್ಗಿಸಿ ಕೂತು, ಒಂದೊಂದೇ ಚೂರನ್ನು ಎರಡು ಬೆರಳಲ್ಲಿ ಎತ್ತಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾ ಹೋದಳು. ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಗೆ ತಟ್ಟೆಗೆ ಹಸಿರು ಬಾರ್ಡರ್ ಹಾಕಿದ ಹಾಗೆ ಕಾಣುತ್ತಿತ್ತು. 'ಅಪ್ಪಾ, ನೋಡು, ಒಂದೂ ಬಿಟ್ಟಿಲ್ಲ' ಅಂದಳು, ಹೋಮ್‌ವರ್ಕ್ ಮುಗಿಸಿದವರ ಹೆಮ್ಮೆಯಲ್ಲಿ.

ಅಷ್ಟರಲ್ಲಾಗಲೇ ನಾನು ಎಲ್ಲ ಆಟವನ್ನೂ ಆಡಿ ಮುಗಿಸಿದ್ದೆ. ಬೈದಿದ್ದೆ, ಪುಸಲಾಯಿಸಿದ್ದೆ, ಚಮಚವನ್ನು ವಿಮಾನ ಮಾಡಿ ಹಾರಿಸಿದ್ದೆ, ಚಾಕೊಲೇಟ್ ಆಸೆ ತೋರಿಸಿದ್ದೆ, ಟಿವಿ ಹಾಕಿಕೊಟ್ಟು ಅವಳು ಬಾಯಿ ತೆರೆದಾಗ ಗಬಕ್ಕನೆ ತುರುಕಿದ್ದೂ ಇದೆ. ಇಷ್ಟೆಲ್ಲ ಆದ ಮೇಲೂ ಅವಳು ತಿನ್ನೋ ತರಕಾರಿಗಳ ಸಂಖ್ಯೆ ಎರಡು. ಈಗ ಅವಳಿಗೆ ಏಳು ವರ್ಷ, ಪಟ್ಟಿ ಹದಿನಾಲ್ಕಕ್ಕೆ ಬಂದಿದೆ. ಈ ಮೂರು ವರ್ಷದಲ್ಲಿ ನಾನು ಕಲಿತಿದ್ದು ಹೆಚ್ಚುಕಡಿಮೆ ಒಂದೇ ವಿಷಯ. ತಿನ್ನಿಸೋದು ನಮ್ಮ ಕೆಲಸ ಅಲ್ಲ. ಚೆನ್ನಾಗಿ ಮಾಡಿ, ಮತ್ತೆ ಮತ್ತೆ, ಸುಮ್ನೆ ಮುಂದೆ ಇಡೋದಷ್ಟೇ ನಮ್ಮ ಕೆಲಸ. ಕೇಳೋಕೆ ಸುಲಭ ಅನ್ನಿಸುತ್ತೆ. ಆ 'ಸುಮ್ನೆ' ಅನ್ನೋದೇ ಕಷ್ಟ.

ಎಷ್ಟು ತಿಂದರೆ ಸಾಕು?

ಇದನ್ನು ಮೊದಲು ಮುಗಿಸಿಬಿಡೋಣ, ಯಾಕೆಂದರೆ ಅರ್ಧ ಗಾಬರಿ ಇಲ್ಲೇ ಇರೋದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: 2ರಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 250 ಗ್ರಾಂ, 6ರಿಂದ 9 ವರ್ಷದವರಿಗೆ 350 ಗ್ರಾಂ, 10 ವರ್ಷ ಆದವರಿಂದ ಹಿಡಿದು ದೊಡ್ಡವರವರೆಗೆ ಎಲ್ಲರಿಗೂ 400 ಗ್ರಾಂ. ಇದು ಹಣ್ಣು, ತರಕಾರಿ ಎರಡೂ ಸೇರಿ. ಆಲೂಗಡ್ಡೆ, ಗೆಣಸು ಈ ಲೆಕ್ಕಕ್ಕೆ ಬರಲ್ಲ, ಅವು ಪಿಷ್ಟದ ಗುಂಪಿಗೆ ಸೇರುತ್ತವೆ. 'ನಮ್ಮ ಮಗು ಆಲೂಗಡ್ಡೆ ಚೆನ್ನಾಗಿ ತಿನ್ನುತ್ತೆ' ಅಂತ ಸಮಾಧಾನ ಮಾಡಿಕೊಂಡಿದ್ದ ನನಗೆ ಇದು ಸ್ವಲ್ಪ ಕಹಿಯಾಯಿತು.

250 ಗ್ರಾಂ ಅಂದರೆ ಬೆಟ್ಟದಷ್ಟೇನಲ್ಲ. ಸಿಪ್ಪೆ ತೆಗೆದ ಮಧ್ಯಮ ಗಾತ್ರದ ಬಾಳೆಹಣ್ಣು ಸುಮಾರು 120 ಗ್ರಾಂ ತೂಗುತ್ತೆ. ಒಂದು ಕ್ಯಾರೆಟ್ ಸುಮಾರು 60 ಗ್ರಾಂ. ಇನ್ನೊಂದು ಅರ್ಧ ಟೊಮೆಟೊ, ನಾಲ್ಕು ಎಸಳು ಕಿತ್ತಳೆ ಸೇರಿದರೆ ನಾಲ್ಕು ವರ್ಷದ ಮಗುವಿನ ಆ ದಿನದ ಲೆಕ್ಕ ಮುಗಿಯಿತು. ಒಂದೇ ಊಟದಲ್ಲಿ ಎಲ್ಲ ಆಗಬೇಕು ಅಂತಲೂ ಇಲ್ಲ. ತಕ್ಕಡಿ ತೆಗೆದುಕೊಂಡು ಕೂರಬೇಡಿ ಮತ್ತೆ. ಇವತ್ತು ಕಡಿಮೆ ಆದರೆ ನಾಳೆ ಜಾಸ್ತಿ ಆಗುತ್ತೆ. ಮಕ್ಕಳ ಹೊಟ್ಟೆಯನ್ನು ದಿನದ ಲೆಕ್ಕದಲ್ಲಿ ನೋಡಿದರೆ ತಲೆ ಕೆಡುತ್ತೆ, ವಾರದ ಲೆಕ್ಕದಲ್ಲಿ ನೋಡಿದರೆ ಅಷ್ಟೇನೂ ಕೆಟ್ಟದಾಗಿಲ್ಲ ಅನ್ನಿಸುತ್ತೆ.

ಬೇಡ ಅನ್ನೋದು ಹಟ ಅಲ್ಲ

ಒಂದು ವರ್ಷದ ಮಗು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಳ್ಳುತ್ತೆ. ಅದೇ ಮಗು ಎರಡು ದಾಟುತ್ತಿದ್ದ ಹಾಗೆ, ನಿನ್ನೆವರೆಗೆ ತಿನ್ನುತ್ತಿದ್ದ ಪಾಲಕ್ ಸೊಪ್ಪನ್ನು ನೋಡಿ ಮುಖ ಸಿಂಡರಿಸುತ್ತೆ. ಗೊತ್ತಿಲ್ಲದ ತಿನಿಸು ಕಂಡರೆ ಹಿಂಜರಿಯೋ ಈ ಸ್ವಭಾವ 2ರಿಂದ 6 ವರ್ಷದೊಳಗೆ ಜೋರಾಗಿರುತ್ತೆ, ಆಮೇಲೆ ನಿಧಾನವಾಗಿ ಇಳಿಯುತ್ತೆ. ನಡೆಯೋಕೆ ಶುರು ಮಾಡಿದ ಮಗು ಕಂಡ ಕಂಡ ಗಿಡ ಕಿತ್ತು ತಿಂದು ಅಪಾಯಕ್ಕೆ ಸಿಗದಿರಲಿ ಅಂತ ಪ್ರಕೃತಿ ಇಟ್ಟ ಬೀಗ ಇರಬಹುದು ಅಂತ ತಿಳಿದವರು ಹೇಳುತ್ತಾರೆ. ಹುಟ್ಟುವಾಗಲೇ ನಮಗೆ ಸಿಹಿ ಇಷ್ಟ, ಕಹಿ ಕಷ್ಟ. ತರಕಾರಿಗಳಲ್ಲಿ ಬಹಳಷ್ಟಕ್ಕೆ ಒಂಚೂರು ಕಹಿ ಇದ್ದೇ ಇರುತ್ತೆ.

ಆ ಕಹಿಯೂ ಎಲ್ಲರಿಗೂ ಒಂದೇ ಥರ ಇಲ್ಲ. 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಅನ್ನೋ ರಸಾಯನ ವಿಜ್ಞಾನಿ ಲ್ಯಾಬಿನಲ್ಲಿ ಒಂದು ಪುಡಿಯನ್ನು ಸುರಿಯುತ್ತಿದ್ದಾಗ ಅದು ಗಾಳಿಗೆ ಹಾರಿತು. ಪಕ್ಕದಲ್ಲಿದ್ದವರು 'ಥೂ, ಏನು ಕಹಿ' ಅಂದರು. ಫಾಕ್ಸ್‌ಗೆ ಏನೂ ರುಚಿಯೇ ಗೊತ್ತಾಗಲಿಲ್ಲ. ಕೆಲವರ ನಾಲಿಗೆಗೆ ಕೆಲವು ಕಹಿ ಜೋರಾಗಿ ಹತ್ತುತ್ತೆ, ಕೆಲವರಿಗೆ ಹತ್ತೋದೇ ಇಲ್ಲ ಅನ್ನೋದು ಹೀಗೆ ಹೊರಬಿತ್ತು. ಇದರ ಹಿಂದೆ ಇರೋದು ಟಿಎಎಸ್‌2ಆರ್‌38 ಅನ್ನೋ ಜೀನ್ ಅಂತ 2003ರಲ್ಲಿ ಗೊತ್ತಾಯಿತು. ಎಲೆಕೋಸು, ಬ್ರೊಕೊಲಿ ಗುಂಪಿನ ತರಕಾರಿಗಳಲ್ಲೂ ಆ ಪುಡಿಯನ್ನು ಹೋಲುವ ಕಹಿ ಪದಾರ್ಥಗಳಿವೆ. ಇನ್ನೊಂದು ಮಜಾ ವಿಷಯ ಇದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 2021ರಲ್ಲಿ 6ರಿಂದ 8 ವರ್ಷದ ಮಕ್ಕಳ ಎಂಜಲನ್ನು ಹಸಿ ಹೂಕೋಸಿನ ಜೊತೆ ಬೆರೆಸಿ ನೋಡಿದರು. ಯಾರ ಎಂಜಲಿನಲ್ಲಿ ಗಂಧಕದ ವಾಸನೆ ಜಾಸ್ತಿ ಹುಟ್ಟುತ್ತಿತ್ತೋ ಆ ಮಕ್ಕಳಿಗೇ ಹೂಕೋಸು ಕಂಡರೆ ಜಾಸ್ತಿ ಆಗದು. ಅಂದರೆ ನಿಮ್ಮ ಬಾಯಲ್ಲಿ ಘಮ್ ಅನ್ನೋ ಹೂಕೋಸು ಮಗುವಿನ ಬಾಯಲ್ಲಿ ನಿಜವಾಗಿಯೂ ಗಬ್ಬು ನಾರಬಹುದು. ಇದನ್ನು ಓದಿದ ಮೇಲೆ ನಾನು 'ನಾಟಕ ಮಾಡಬೇಡ' ಅನ್ನೋದನ್ನು ಬಿಟ್ಟೆ.

ನಿಮ್ಮ ಕೆಲಸ ಯಾವುದು, ಮಗುವಿನ ಕೆಲಸ ಯಾವುದು

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿಕೊಟ್ಟ ಒಂದು ಪಾಲುಪಟ್ಟಿ ಇದೆ. ಏನು ಮಾಡಬೇಕು, ಯಾವಾಗ ಬಡಿಸಬೇಕು, ಎಲ್ಲಿ ಕೂರಿಸಬೇಕು ಅನ್ನೋದು ದೊಡ್ಡವರ ಪಾಲು. ತಿನ್ನಬೇಕಾ ಬೇಡವಾ, ತಿಂದರೆ ಎಷ್ಟು ಅನ್ನೋದು ಮಗುವಿನ ಪಾಲು. ನಮ್ಮ ಮನೆಯಲ್ಲಿ ಇದು ಪೂರ್ತಿ ಉಲ್ಟಾ ನಡೀತಿತ್ತು. ಏನು ಅಡುಗೆ ಅಂತ ಮಗಳು ತೀರ್ಮಾನಿಸುತ್ತಿದ್ದಳು, ಎಷ್ಟು ತುತ್ತು ಅಂತ ನಾನು ಲೆಕ್ಕ ಹಾಕುತ್ತಿದ್ದೆ.

ಹಾಗಾಗಿ ಇಷ್ಟು ಮಾಡಿ. ಮನೆಯವರಿಗೆಲ್ಲ ಒಂದೇ ಅಡುಗೆ. ಆದರೆ ಅದರಲ್ಲಿ ಮಗುವಿಗೆ ಖಂಡಿತ ಸೇರೋ ಒಂದಾದರೂ ಇರಲಿ, ಅನ್ನವೋ, ಬ್ರೆಡ್ಡೋ, ಮೊಟ್ಟೆಯೋ, ಹಣ್ಣೋ. ಅದು ಇದ್ದರೆ ಮಗು ಉಪವಾಸ ಬೀಳಲ್ಲ, ನಿಮ್ಮ ಎದೆಯೂ ಹೊಡೆದುಕೊಳ್ಳಲ್ಲ. ತರಕಾರಿಯನ್ನು ಬೇರೆ ಬಟ್ಟಲಲ್ಲಿ ಮಧ್ಯದಲ್ಲಿಡಿ, ಬೇಕಾದವರು ಹಾಕಿಕೊಳ್ಳಲಿ. ಮಗು 'ನನಗೆ ಬೇಡ' ಅಂದರೆ 'ಸರಿ' ಅನ್ನಿ. ಅಷ್ಟೇ. 'ಸರಿ, ಆದರೆ ಒಂದೇ ಒಂದು ತುತ್ತು' ಅಂತ ಶುರು ಮಾಡಿದರೆ ಮತ್ತೆ ಹಳೇ ಜಗಳವೇ. ನನಗೆ ಈ ಬರೀ 'ಸರಿ' ಬಾಯಿಗೆ ಬರೋಕೆ ಎರಡು ತಿಂಗಳು ಬೇಕಾಯಿತು. ಮೊದಲ ವಾರ ನಾಲಿಗೆ ಕಚ್ಚಿಕೊಂಡೇ ಊಟ ಮಾಡಿದೆ.

ಒತ್ತಾಯ ಕೆಲಸ ಮಾಡಲ್ಲ ಅನ್ನೋದು ಬರೀ ನನ್ನ ಅನುಭವ ಅಲ್ಲ. 2006ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 3ರಿಂದ 5 ವರ್ಷದ ಮಕ್ಕಳಿಗೆ ಎರಡು ಬಗೆಯ ತರಕಾರಿ ಸೂಪ್ ಕೊಟ್ಟು, ಒಂದು ಸೂಪ್ ಕೊಟ್ಟಾಗ ಮಾತ್ರ 'ಸೂಪ್ ಮುಗಿಸು' ಅಂತ ಹೇಳುತ್ತಿದ್ದರು, ಇನ್ನೊಂದನ್ನು ಕೊಟ್ಟಾಗ ಏನೂ ಹೇಳುತ್ತಿರಲಿಲ್ಲ. ವಾರಗಳು ಕಳೆದ ಮೇಲೆ ನೋಡಿದರೆ ಮಕ್ಕಳು ಜಾಸ್ತಿ ಕುಡಿದಿದ್ದು ಯಾರೂ ಏನೂ ಹೇಳದ ಸೂಪನ್ನು. ಹೇಳಿಸಿಕೊಂಡ ಸೂಪಿನ ಬಗ್ಗೆ ದೂರು ಬೇರೆ ಜಾಸ್ತಿ. ಬಾಯಿ ತುಂಬ 'ಕುಡಿ ಕುಡಿ' ಅಂದಿದ್ದಕ್ಕೆ ಸಿಕ್ಕಿದ್ದು ಅಷ್ಟೇ.

'ತರಕಾರಿ ತಿಂದರೆ ಚಾಕೊಲೇಟ್' ಅನ್ನೋದೂ ಇದೇ ಸಾಲಿಗೆ ಬರುತ್ತೆ. ಮಗು ಅದನ್ನು ಹೇಗೆ ಕೇಳಿಸಿಕೊಳ್ಳುತ್ತೆ ಯೋಚನೆ ಮಾಡಿ. ಇದು ಲಂಚ ಕೊಟ್ಟು ತಿನ್ನಿಸುವಷ್ಟು ಕೆಟ್ಟದ್ದು, ಅದು ಬಹುಮಾನ ಆಗುವಷ್ಟು ಒಳ್ಳೇದು ಅಂತ. ತರಕಾರಿಯ ಬೆಲೆ ಇಳಿಯಿತು, ಚಾಕೊಲೇಟಿನ ಬೆಲೆ ಏರಿತು. ಸಿಹಿ ಕೊಡೋದಾದರೆ ಕೊಡಿ, ಷರತ್ತು ಬೇಡ.

ಹತ್ತು ಸಲ, ಹದಿನೈದು ಸಲ

ಹೊಸ ತರಕಾರಿ ಮಗುವಿಗೆ ಹಿಡಿಸೋಕೆ ಎಂಟು ಹತ್ತು ಸಲ, ಕೆಲವು ಸಲ ಹದಿನೈದು ಸಲ ರುಚಿ ನೋಡಬೇಕಾಗುತ್ತೆ. ನಾವು ಮೂರನೇ ಸಲಕ್ಕೇ 'ಇವನಿಗೆ ಅದು ಸೇರಲ್ಲ' ಅಂತ ಷರಾ ಬರೆದುಬಿಡುತ್ತೇವೆ. ಅದು ಮಗುವಿನ ಕಿವಿಗೂ ಬೀಳುತ್ತೆ. ನೆಂಟರ ಮುಂದೆ 'ಅವಳು ಸೊಪ್ಪು ಮುಟ್ಟಲ್ಲ' ಅಂತ ನಗುತ್ತಾ ಹೇಳಿದರೆ ಅವಳು ಅದನ್ನೇ ಗುರುತಿನ ಚೀಟಿ ಮಾಡಿಕೊಳ್ಳುತ್ತಾಳೆ. 'ಅವಳಿಗೆ ಇನ್ನೂ ರೂಢಿ ಆಗಿಲ್ಲ' ಅಂತ ಹೇಳಿ ನೋಡಿ. 'ಇನ್ನೂ' ಅನ್ನೋ ಒಂದು ಮಾತು ಬಾಗಿಲು ತೆರೆದಿಡುತ್ತೆ.

ಹತ್ತು ಸಲ ರುಚಿ ಅಂದರೆ ಹತ್ತು ಬಟ್ಟಲು ಅಲ್ಲ. ಬಟಾಣಿ ಕಾಳಿನಷ್ಟು ಚೂರು ಸಾಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2011ರಲ್ಲಿ 4ರಿಂದ 6 ವರ್ಷದ ನಾನೂರಕ್ಕೂ ಹೆಚ್ಚು ಮಕ್ಕಳಲ್ಲಿ ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಇಷ್ಟ ಇಲ್ಲದ ಒಂದೇ ತರಕಾರಿಯ ಚಿಕ್ಕ ಚೂರನ್ನು 12 ದಿನ ರುಚಿ ನೋಡಿಸಿದರು. ಕೆಲವರಿಗೆ ರುಚಿ ನೋಡಿದ್ದಕ್ಕೆ ಸ್ಟಿಕ್ಕರ್, ಕೆಲವರಿಗೆ ಬರೀ ಶಹಬ್ಬಾಸ್. ಮೂರು ತಿಂಗಳು ಬಿಟ್ಟು ನೋಡಿದಾಗಲೂ ಇವರು ಆ ತರಕಾರಿಯನ್ನು ಮೊದಲಿಗಿಂತ ಜಾಸ್ತಿ ತಿನ್ನುತ್ತಿದ್ದರು. ಗಮನಿಸಿ, ಬಹುಮಾನ ಇಲ್ಲಿ ತಿನಿಸು ಅಲ್ಲ, ಮತ್ತೆ ತಟ್ಟೆ ಖಾಲಿ ಮಾಡಿದ್ದಕ್ಕೂ ಅಲ್ಲ, ರುಚಿ ನೋಡಿದ್ದಕ್ಕೆ.

ನಾವು ಹೀಗೆ ಮಾಡಿದೆವು. ಊಟದ ಹೊತ್ತು ಬಿಟ್ಟು, ಸಂಜೆ ಅವಳು ಖುಷಿಯಾಗಿದ್ದಾಗ, ಒಂದು ಪುಟ್ಟ ಬಟ್ಟಲಲ್ಲಿ ಸುಟ್ಟ ಹೂಕೋಸಿನ ಉಗುರಿನಷ್ಟು ಚೂರು. ಪಕ್ಕದಲ್ಲಿ ಒಂದು ಪೇಪರ್ ಟಿಶ್ಯೂ. ಸೇರದಿದ್ದರೆ ಅದರಲ್ಲಿ ಉಗುಳಬಹುದು, ಯಾರೂ ಏನೂ ಅನ್ನಲ್ಲ. ಈ ಟಿಶ್ಯೂ ಇದೆಯಲ್ಲ, ಇದೇ ದೊಡ್ಡ ಗುಟ್ಟು. ಒಳಗೆ ಹೋದದ್ದನ್ನು ವಾಪಸ್ ತರೋ ದಾರಿ ಇದೆ ಅಂತ ಗೊತ್ತಾದರೆ ಮಗು ಬಾಯಿ ತೆರೆಯೋಕೆ ಹೆದರಲ್ಲ. ಮೊದಲ ದಿನ ಬರೀ ಮೂಸಿದಳು. ಎರಡನೇ ದಿನ ನಾಲಿಗೆ ತುದಿಗೆ ಮುಟ್ಟಿಸಿ 'ಬೆಂಕಿಪೊಟ್ಟಣ ವಾಸನೆ' ಅಂದಳು. ನಾಲ್ಕನೇ ದಿನ ಕಚ್ಚಿ ಉಗುಳಿದಳು. ಏಳನೇ ದಿನ ನುಂಗಿದಳು, ಮುಖ ಮಾತ್ರ ಔಷಧಿ ಕುಡಿದವರ ಹಾಗೆ. ಹನ್ನೊಂದನೇ ದಿನ ನಾನು ಫೋನಿನಲ್ಲಿ ಮಾತಾಡುತ್ತಾ ಮರೆತಿದ್ದೆ, ಅವಳೇ ಬಂದು 'ಇವತ್ತು ನನ್ನ ಚೂರು ಎಲ್ಲಿ' ಅಂತ ಕೇಳಿದಳು. ಸ್ಟಿಕ್ಕರ್‌ಗೋಸ್ಕರ ಕೇಳಿದ್ದು ಅಂತ ನನಗೂ ಗೊತ್ತು. ಇರಲಿ ಬಿಡಿ.

ಗರ್ಭಿಣಿಯರು, ಹಾಲೂಡಿಸೋ ತಾಯಂದಿರು ಇದನ್ನು ಓದುತ್ತಿದ್ದರೆ ಒಂದು ಮಾತು. ಜೂಲಿ ಮೆನ್ನೆಲ್ಲಾ ಅನ್ನೋ ವಿಜ್ಞಾನಿಯ ತಂಡ 2001ರಲ್ಲಿ ತೋರಿಸಿದ ಪ್ರಕಾರ, ಬಸಿರಲ್ಲಿ ಅಥವಾ ಹಾಲೂಡಿಸುವಾಗ ಕ್ಯಾರೆಟ್ ಜ್ಯೂಸ್ ಕುಡಿದ ತಾಯಂದಿರ ಮಕ್ಕಳು ಮೊದಲ ಸಲ ಕ್ಯಾರೆಟ್ ರುಚಿಯ ಗಂಜಿ ತಿಂದಾಗ ಮುಖ ಕಿವುಚಿದ್ದು ಕಡಿಮೆ. ತಾಯಿ ತಿಂದ ರುಚಿ ಗರ್ಭದ ನೀರಿನಲ್ಲಿ, ಎದೆಹಾಲಿನಲ್ಲಿ ಮಗುವಿಗೆ ತಲುಪುತ್ತೆ. ನೀವು ಈಗ ತಿನ್ನೋದು ಮುಂದಿನ ಎರಡು ವರ್ಷಕ್ಕೆ ಮುಂಗಡ ಕೊಟ್ಟ ಹಾಗೆ.

ಹಸಿವಿನ ಹೊತ್ತು ನೋಡಿ ಇಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದು. ಇದರಲ್ಲಿ ಮನಶ್ಶಾಸ್ತ್ರ ಗಿನಶ್ಶಾಸ್ತ್ರ ಏನೂ ಇಲ್ಲ. ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ ಇರುತ್ತಲ್ಲ, ಅಡುಗೆ ಇನ್ನೂ ಆಗಿರಲ್ಲ, ಮಕ್ಕಳು ಅಡುಗೆಮನೆಗೆ ಬಂದು 'ಹಸಿವು, ಹಸಿವು' ಅಂತ ಕಾಲಿಗೆ ಸುತ್ತಿಕೊಳ್ಳುತ್ತಾರೆ, ನಾವು ಬಾಯಿ ಮುಚ್ಚಿಸೋಕೆ ಬಿಸ್ಕತ್ ಕೊಡುತ್ತೇವೆ. ಆ ಬಿಸ್ಕತ್ ಜಾಗಕ್ಕೆ ಒಂದು ತಟ್ಟೆ ಹೆಚ್ಚಿದ ತರಕಾರಿ ಇಟ್ಟು ನೋಡಿ. 'ತಿನ್ನಿ' ಅನ್ನಬೇಡಿ. ಹೆಚ್ಚೋ ಮಣೆಯ ಪಕ್ಕ ಸುಮ್ನೆ ಇಟ್ಟು, ನೀವೂ ಒಂದು ಬಾಯಿಗೆ ಹಾಕಿಕೊಂಡು, ನಿಮ್ಮ ಕೆಲಸ ನೋಡಿ. ನಾನು ಕ್ಯಾರೆಟ್, ಸೌತೆಕಾಯಿ, ದಪ್ಪ ಮೆಣಸಿನಕಾಯಿ ಉದ್ದುದ್ದಕ್ಕೆ ಹೆಚ್ಚಿ ಇಡುತ್ತೇನೆ. ಒಲೆಯ ಕಡೆ ತಿರುಗಿ, ಮತ್ತೆ ಈ ಕಡೆ ತಿರುಗೋ ಹೊತ್ತಿಗೆ ಅರ್ಧ ತಟ್ಟೆ ಖಾಲಿ. ತಟ್ಟೆಯಲ್ಲಿ ಬಡಿಸಿದರೆ ಅದೇ ಕ್ಯಾರೆಟ್ ಬೇಡ. ಕದ್ದು ತಿಂದ ಹಾಗೆ ಇದ್ದರೆ ಬೇಕು.

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನು ಅಳೆದೂ ನೋಡಿದ್ದಾರೆ. 2010ರ ಅಧ್ಯಯನದಲ್ಲಿ ಶಾಲೆಗೆ ಹೋಗದ ವಯಸ್ಸಿನ ಮಕ್ಕಳಿಗೆ ಊಟಕ್ಕೆ ಮೊದಲು ಬರೀ ಕ್ಯಾರೆಟ್ ಕೊಟ್ಟರು, ಬೇರೆ ಯಾವ ತಿನಿಸೂ ಮೇಜಿನ ಮೇಲೆ ಇರಲಿಲ್ಲ. 30 ಗ್ರಾಂ ಜಾಗದಲ್ಲಿ 60 ಗ್ರಾಂ ಇಟ್ಟಾಗ ಮಕ್ಕಳು 47 ಶೇಕಡ ಜಾಸ್ತಿ ತಿಂದರು. 90 ಗ್ರಾಂ ಇಟ್ಟಾಗ ಮಾತ್ರ ಅದಕ್ಕಿಂತ ಜಾಸ್ತಿ ಆಗಲಿಲ್ಲ. ಅಂದರೆ ಸ್ವಲ್ಪ ಧಾರಾಳವಾಗಿ ಇಡಿ, ರಾಶಿ ಹಾಕಬೇಡಿ.

ಇದಕ್ಕೆ ಮನೆಯವರೆಲ್ಲ ಒಪ್ಪಬೇಕು, ಅದೇ ಕಷ್ಟ. ನಮ್ಮಮ್ಮ ಬಂದಾಗೆಲ್ಲ 'ಪಾಪ, ಮಗು ಹಸ್ಕೊಂಡಿದೆ ಕಣೋ' ಅಂತ ಸೆರಗಿನ ಮರೆಯಲ್ಲಿ ಬಿಸ್ಕತ್ ದಾಟಿಸುತ್ತಿದ್ದರು. 'ಅಮ್ಮಾ, ಇನ್ನು ಅರ್ಧ ಗಂಟೆಗೆ ಊಟ' ಅಂದರೆ 'ನೀನು ಚಿಕ್ಕವನಿದ್ದಾಗ ನಾನು ಹೀಗೆಲ್ಲ ಲೆಕ್ಕ ಹಾಕಿದ್ನಾ' ಅಂತ ಮುಖ ಉಬ್ಬಿಸೋರು. ವಾದ ಮಾಡಿ ಗೆಲ್ಲೋ ಮಾತಲ್ಲ ಇದು. ಕೊನೆಗೆ ಆ ಹೊತ್ತಿಗೆ ಹಣ್ಣು ಹೆಚ್ಚಿ ಕೊಡೋ ಕೆಲಸವನ್ನೇ ಅಮ್ಮನಿಗೆ ಬಿಟ್ಟೆ. ಅಜ್ಜಿ ಸೇಬಿನ ಸಿಪ್ಪೆಯನ್ನು ಒಂದೇ ಉದ್ದ ದಾರದ ಹಾಗೆ ಕಡಿಯದೆ ಬಿಡಿಸೋದನ್ನು ನೋಡೋಕೆ ಇಬ್ಬರೂ ಮಕ್ಕಳು ಎದುರಿಗೆ ಕೂರುತ್ತಾರೆ, ದಾರ ಕಡಿದು ಬೀಳುತ್ತಾ ಅಂತ ಕಾಯುತ್ತಾ ಪೂರ್ತಿ ಸೇಬು ತಿಂದು ಮುಗಿಸುತ್ತಾರೆ. ಕೊಡೋ ಪ್ರೀತಿ ಅಲ್ಲೇ ಇದೆ, ಕೈಯಲ್ಲಿರೋ ವಸ್ತು ಮಾತ್ರ ಬದಲಾಯಿತು.

ಅಡುಗೆ ಸರಿ ಇದೆಯಾ ನೋಡಿಕೊಳ್ಳಿ

ಬೇಜಾರು ಮಾಡಿಕೊಳ್ಳಬೇಡಿ, ಎಷ್ಟೋ ಮನೆಯಲ್ಲಿ ಮಕ್ಕಳು ತರಕಾರಿ ತಿನ್ನದೇ ಇರೋದಕ್ಕೆ ಕಾರಣ ಅದು ರುಚಿಯಾಗಿಲ್ಲ ಅನ್ನೋದೇ. ನೀರಲ್ಲಿ ಬೆಂದು ಬೆಂದು ಬಣ್ಣ ಸತ್ತ ಬೀನ್ಸನ್ನು ನಾವೂ ಜವಾಬ್ದಾರಿಗೋಸ್ಕರ ತಿನ್ನುತ್ತೇವೆ ಅಷ್ಟೇ. ಎಲೆಕೋಸು, ಹೂಕೋಸು ಎಷ್ಟು ಹೊತ್ತು ಕುದಿಯುತ್ತವೋ ಅಷ್ಟು ಗಂಧಕದ ವಾಸನೆ ಬಿಡುತ್ತವೆ. ಜೊತೆಗೆ ವಿಟಮಿನ್ ಸಿ ನೀರಿಗೆ ಇಳಿದು ಚೆಲ್ಲಿ ಹೋಗುತ್ತೆ.

ಹೂಕೋಸು ಹೀಗೆ ಮಾಡಿ ನೋಡಿ. ಸಣ್ಣ ಹೂವುಗಳಾಗಿ ಬಿಡಿಸಿ, ತೊಳೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಒದ್ದೆ ಇದ್ದರೆ ಸುಡಲ್ಲ, ಬೇಯುತ್ತೆ ಅಷ್ಟೇ. ಎರಡು ಚಮಚ ಎಣ್ಣೆ, ಚಿಟಿಕೆ ಉಪ್ಪು ಹಾಕಿ ಕೈಯಲ್ಲೇ ಕಲಸಿ. ಓವನ್ ಇದ್ದರೆ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ, ಮಧ್ಯ ಒಮ್ಮೆ ತಿರುವಿ. ಇಲ್ಲದಿದ್ದರೆ ದಪ್ಪ ತಳದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಪದೇ ಪದೇ ಕೆದಕದೆ ಬಿಡಿ. ಅಂಚು ಕಂದು ಬಣ್ಣಕ್ಕೆ ಬರಬೇಕು. ಅಲ್ಲೇ ಸಿಹಿ ಹುಟ್ಟೋದು. ಇಳಿಸಿ ನಾಲ್ಕು ಹನಿ ನಿಂಬೆರಸ ಹಿಂಡಿ. ಕ್ಯಾರೆಟ್, ಕುಂಬಳಕಾಯಿ, ಬೀಟ್‌ರೂಟ್, ಬೀನ್ಸ್ ಎಲ್ಲಕ್ಕೂ ಇದೇ ದಾರಿ, ಹೊತ್ತು ಮಾತ್ರ ಹೆಚ್ಚುಕಡಿಮೆ. ಉಪ್ಪು ಕಹಿಯನ್ನು ಅಡಗಿಸುತ್ತೆ, ಹಾಗಾಗಿ ಆ ಚಿಟಿಕೆಯನ್ನು ಬಿಡಬೇಡಿ, ಜಾಸ್ತಿಯೂ ಮಾಡಬೇಡಿ. ಎಣ್ಣೆಗೂ ಹೆದರಬೇಡಿ, ಕ್ಯಾರೆಟ್‌ನಲ್ಲಿರೋ ಬೀಟಾ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಸ್ವಲ್ಪ ಕೊಬ್ಬು ಬೇಕೇ ಬೇಕು.

ಇನ್ನು ಕೆಲವು ಮಕ್ಕಳಿಗೆ ರುಚಿಗಿಂತ ಮೆತ್ತಗಿರೋದೇ ಆಗಲ್ಲ. ಅವರು ಬೆಂದ ಕ್ಯಾರೆಟ್ ಉಗುಳುತ್ತಾರೆ, ಹಸಿ ಕ್ಯಾರೆಟ್ ಕಟಕಟ ಅಂತ ಕಡಿಯುತ್ತಾರೆ. ಕೆಲವರಿಗೆ ಒಂದಕ್ಕೊಂದು ತಾಗಬಾರದು. ಬೇರೆ ಬೇರೆ ಇಟ್ಟುಕೊಟ್ಟರೆ ಆಯಿತು, ಅದಕ್ಕೆಲ್ಲ ಯುದ್ಧ ಯಾಕೆ.

ತರಕಾರಿ ರುಬ್ಬಿ ಬಚ್ಚಿಡೋದರ ಬಗ್ಗೆ ಕೇಳಿದರೆ, ಮಾಡಿ, ತಪ್ಪೇನಿಲ್ಲ. ಪೋಷಕಾಂಶ ಹೊಟ್ಟೆಗೆ ಹೋಗುತ್ತೆ. ಆದರೆ ಕಾಣದ ಪಾಲಕ್ ತಿಂದ ಮಗು ಪಾಲಕ್ ತಿನ್ನೋದನ್ನು ಕಲಿತ ಹಾಗಾಗಲ್ಲ, ಅಲ್ವಾ. ಕಾಣುವ ಹಾಗೆ ಇಡೋದನ್ನೂ ಜೊತೆಗೆ ಮುಂದುವರಿಸಿ. 'ಇದರಲ್ಲಿ ಏನಿದೆ' ಅಂತ ಕೇಳಿದರೆ ಸುಳ್ಳು ಹೇಳಬೇಡಿ. ಒಮ್ಮೆ ಸಿಕ್ಕಿಬಿದ್ದರೆ ಆಮೇಲೆ ನೀವು ಕೊಟ್ಟ ಎಲ್ಲದರಲ್ಲೂ ಪತ್ತೇದಾರಿ ಶುರುವಾಗುತ್ತೆ. ಬೀನ್ಸ್ ವಿಷಯದಲ್ಲಿ ನನಗಾಗಿದ್ದು ಅದೇ.

ಹಣ್ಣು, ಜ್ಯೂಸ್, ಮತ್ತೆ ಗಂಟಲಿಗೆ ಸಿಕ್ಕೋ ಭಯ

ಹಣ್ಣಿನ ವಿಷಯದಲ್ಲಿ ಅಷ್ಟು ಕಷ್ಟ ಇಲ್ಲ. ಫ್ರಿಜ್ಜಿನ ತಳದ ಡಬ್ಬದಿಂದ ತೆಗೆದು ಮೇಜಿನ ಮೇಲೆ, ಮಗುವಿನ ಕೈಗೆ ಎಟುಕೋ ಹಾಗೆ ಇಡಿ. ಹೆಚ್ಚಿ ಇಡಿ. ಇಡೀ ಸೇಬು ಮೂರು ದಿನ ಬಿದ್ದಿರುತ್ತೆ, ಹೆಚ್ಚಿದ ಸೇಬು ಮೂರು ನಿಮಿಷ ಇರಲ್ಲ. ಇದು ದೊಡ್ಡವರಿಗೂ ಅಷ್ಟೇ ನಿಜ.

ಜ್ಯೂಸ್ ಮಾತ್ರ ಹಣ್ಣಿನ ಬದಲಿ ಅಂತ ಅಂದುಕೊಳ್ಳಬೇಡಿ. ನಾರು ಹೋಗಿರುತ್ತೆ, ಸಕ್ಕರೆ ಉಳಿದಿರುತ್ತೆ, ಮೂರು ಕಿತ್ತಳೆಯ ರಸ ಒಂದು ನಿಮಿಷದಲ್ಲಿ ಹೊಟ್ಟೆ ಸೇರುತ್ತೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೇಳಿದ್ದು: ಒಂದು ವರ್ಷದೊಳಗೆ ಜ್ಯೂಸೇ ಬೇಡ, 1ರಿಂದ 3 ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ ಸುಮಾರು 120 ಎಂಎಲ್. ಕುಡಿಯೋಕೆ ನೀರು, ತಿನ್ನೋಕೆ ಹಣ್ಣು.

ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಾಲ್ಕು ಐದು ವರ್ಷ ಆಗೋವರೆಗೆ ಇಡೀ ದ್ರಾಕ್ಷಿ ಕೊಡಬೇಡಿ. ಉದ್ದಕ್ಕೆ ನಾಲ್ಕು ಸೀಳು ಮಾಡಿ. ಚಿಕ್ಕ ಟೊಮೆಟೊಗೂ ಅದೇ ನಿಯಮ. ಆ ವಯಸ್ಸಿನವರಿಗೆ ಹಸಿ ಕ್ಯಾರೆಟ್, ಗಟ್ಟಿ ಸೇಬು ಆದರೆ ತುರಿದು ಅಥವಾ ಬೇಯಿಸಿ ಕೊಡಿ. ಓಡಾಡುತ್ತಾ ತಿನ್ನೋಕೆ ಬಿಡಬೇಡಿ, ಕೂತು ತಿನ್ನಲಿ, ನೀವು ಎದುರಿಗಿರಿ.

ನಿಮ್ಮ ತಟ್ಟೆಯಲ್ಲಿ ಏನಿದೆ?

ನನಗೆ ಬೀಟ್‌ರೂಟ್ ಆಗಲ್ಲ. ಮಣ್ಣು ತಿಂದ ಹಾಗಾಗುತ್ತೆ. ಮಗಳಿಗೆ ಬಡಿಸಿ, ನನ್ನ ತಟ್ಟೆಗೆ ಹಾಕಿಕೊಳ್ಳದೆ ಜಾಣನ ಹಾಗೆ ಕೂತಿರುತ್ತಿದ್ದೆ. ಒಂದು ದಿನ ಮಗ, ಅವನಿಗೆ ಆಗ ಎಂಟು, 'ಅಪ್ಪ ಮಾತ್ರ ಯಾಕೆ ತಿನ್ನಲ್ಲ' ಅಂದ. ಹೆಂಡತಿ ನನ್ನ ಮುಖ ನೋಡಿ 'ಹೇಳಿ, ಯಾಕೆ?' ಅಂದಳು. ಉತ್ತರ ಇರಲಿಲ್ಲ. ಆಮೇಲೆ ನಾನೂ ಆ ಉಗುರಿನಷ್ಟು ಚೂರಿನ ಆಟಕ್ಕೆ ಸೇರಿದೆ, ಟಿಶ್ಯೂ ಸಮೇತ. ನನ್ನ ಹೆಸರಿನಲ್ಲೂ ಸ್ಟಿಕ್ಕರ್ ಹಾಳೆ ಇದೆ, ಮಗಳೇ ಅಂಟಿಸೋದು, ನಾನು ಮುಖ ಕಿವುಚಿದರೆ ಅವಳಿಗೆ ಅದಕ್ಕಿಂತ ದೊಡ್ಡ ಖುಷಿ ಇಲ್ಲ. ಬೀಟ್‌ರೂಟ್ ಈಗ ತಿನ್ನುತ್ತೇನೆ. ಇಷ್ಟ ಅಂತ ಹೇಳಲಾರೆ.

ಕೆಲಸದಲ್ಲೂ ಸೇರಿಸಿಕೊಳ್ಳಿ. ಮೂರು ವರ್ಷದವರು ಸೊಪ್ಪು ಬಿಡಿಸಬಲ್ಲರು, ಬಟಾಣಿ ಸುಲಿಯಬಲ್ಲರು. ಅಂಗಡಿಯಲ್ಲಿ 'ಬ್ರೊಕೊಲಿನಾ, ಹೂಕೋಸಾ, ನೀನೇ ಆರಿಸು' ಅನ್ನಿ. 'ತರಕಾರಿ ಬೇಕಾ' ಅಂತ ಕೇಳಿದರೆ ಬೇಡ ಅಂತಾರೆ. ಒಂದು ಕುಂಡದಲ್ಲಿ ಮೂಲಂಗಿ ಬೀಜ ಹಾಕಿದರೆ ಕೆಂಪು ಪುಟ್ಟ ಜಾತಿಯದ್ದು ಒಂದು ತಿಂಗಳೊಳಗೆ ಕೀಳೋಕೆ ಬರುತ್ತೆ, ಮಕ್ಕಳ ತಾಳ್ಮೆ ಮುಗಿಯೋಕೆ ಮುಂಚೆ. ತಾನು ಕಿತ್ತ ಮೂಲಂಗಿಯನ್ನು ಖಾರ ಇದ್ದರೂ ಕಣ್ಣಲ್ಲಿ ನೀರು ಹಾಕಿಕೊಂಡು ತಿಂದಿದ್ದಾನೆ ನನ್ನ ಮಗ.

ದಿನಾ ಹೆಚ್ಚೋಕೆ ಹೊತ್ತಿಲ್ಲ ಅನ್ನೋರು ಫ್ರೋಜನ್ ಬಟಾಣಿ, ಬೀನ್ಸ್ ತಂದಿಟ್ಟುಕೊಳ್ಳಿ. ಕಿತ್ತ ಸ್ವಲ್ಪ ಹೊತ್ತಿಗೇ ಹೆಪ್ಪುಗಟ್ಟಿಸಿರುತ್ತಾರೆ, ಸತ್ವದಲ್ಲಿ ತಾಜಾ ತರಕಾರಿಗೆ ಹತ್ತಿರವೇ ಇರುತ್ತೆ. ಇದನ್ನು ಕೀಳಾಗಿ ನೋಡೋದು ಬೇಡ.

ಇಂಟರ್ನೆಟ್ಟಿನಲ್ಲಿ ಕಾಣೋ ಚಮತ್ಕಾರದ ಟಿಪ್ಸ್ ಬಗ್ಗೆ ಸ್ವಲ್ಪ ಹುಷಾರು. ಸೇಬಿನ ಮೇಲೆ ಕಾರ್ಟೂನ್ ಸ್ಟಿಕ್ಕರ್ ಅಂಟಿಸಿದರೆ ಶಾಲೆಯ ಮಕ್ಕಳು ಬಿಸ್ಕತ್ ಬಿಟ್ಟು ಸೇಬು ತೆಗೆದುಕೊಳ್ಳುತ್ತಾರೆ ಅಂತ 2012ರಲ್ಲಿ ಒಂದು ಅಧ್ಯಯನ ಬಹಳ ಸುದ್ದಿ ಮಾಡಿತ್ತು. 8ರಿಂದ 11 ವರ್ಷದ ಮಕ್ಕಳು ಅಂತ ಬರೆದಿದ್ದರು, ನಿಜವಾಗಿ ಅವರು 3ರಿಂದ 5 ವರ್ಷದವರು ಅಂತ ಆಮೇಲೆ ಗೊತ್ತಾಯಿತು. 2017ರಲ್ಲಿ ಆ ಪ್ರಬಂಧವನ್ನೇ ವಾಪಸ್ ತೆಗೆದುಕೊಂಡರು. ಕ್ಯಾರೆಟನ್ನು ನಕ್ಷತ್ರದ ಆಕಾರಕ್ಕೆ ಕತ್ತರಿಸಿ ಖುಷಿ ಪಡೋದಾದರೆ ಪಡಿ, ಅರ್ಧ ಗಂಟೆ ಕತ್ತರಿಸಿದ್ದಕ್ಕೆ ಮಗು ತಿನ್ನಲೇಬೇಕು ಅಂತ ಕಾಯಬೇಡಿ.

ಕಾಯಬಾರದ ಸಂದರ್ಭಗಳೂ ಇವೆ. ಮಗುವಿನ ತೂಕ ಏರುತ್ತಿಲ್ಲ ಅಥವಾ ಇಳಿಯುತ್ತಿದೆ, ಅಗಿಯೋಕೆ, ನುಂಗೋಕೆ ಕಷ್ಟಪಡುತ್ತೆ, ತಿಂದಾಗೆಲ್ಲ ವಾಂತಿ, ಮೊದಲು ತಿನ್ನುತ್ತಿದ್ದವು ಒಂದೊಂದಾಗಿ ಬಿಟ್ಟುಹೋಗಿ ನಾಲ್ಕೈದಕ್ಕೆ ಬಂದು ನಿಂತಿದೆ ಅಂತಾದರೆ ಇದು ಟಿಶ್ಯೂ, ಸ್ಟಿಕ್ಕರಿನ ಮಾತಲ್ಲ. ಮಕ್ಕಳ ಡಾಕ್ಟರ ಹತ್ತಿರ ಹೋಗಿ.

ಬೀನ್ಸ್ ಕಥೆ ಏನಾಯಿತು ಅಂತ ಕೇಳಿದರೆ, ಅವು ಈಗಲೂ ಅಂಚಿಗೇ ಹೋಗುತ್ತವೆ. ಸಣ್ಣಗೆ ಹೆಚ್ಚೋದನ್ನು ಮಾತ್ರ ನಿಲ್ಲಿಸಿದ್ದೇನೆ. ಈಗ ಬೆರಳುದ್ದ ಇಡುತ್ತೇನೆ, ಅವಳು ಎರಡು ನಿಮಿಷದಲ್ಲಿ ಎತ್ತಿಟ್ಟು ಉಳಿದದ್ದನ್ನು ಊಟ ಮಾಡುತ್ತಾಳೆ. ಮೊನ್ನೆ ಒಂದನ್ನು ಮೂಸಿ ವಾಪಸ್ ಇಟ್ಟಳು. ನಾನು ನೋಡಲಿಲ್ಲ ಅನ್ನೋ ಹಾಗೆ ನೀರು ಕುಡಿದೆ.